ಒಣ ಮೂಲಿಕೆಯ ಎಲೆಕ್ಟ್ರಾನಿಕ್ ಪೈಪ್: ತುಂಬುವುದರಿಂದ ತೊಳೆಯುವವರೆಗೆ

ಎಲೆಕ್ಟ್ರಾನಿಕ್ ಪೈಪ್ ಎಂದಾಕ್ಷಣ ದ್ರವ ತುಂಬುವ ಇ-ಸಿಗರೇಟು ನೆನಪಾಗುತ್ತದೆ. ಅದರಲ್ಲಿ ಹತ್ತಿಯ ಬತ್ತಿ ದ್ರವವನ್ನು ಹೀರುತ್ತದೆ, ಕಾದ ತಂತಿಸುರುಳಿ ಅದನ್ನು ಆವಿ ಮಾಡುತ್ತದೆ. ಒಣ ಮೂಲಿಕೆಯ ಪೈಪಿನಲ್ಲಿ ಬತ್ತಿಯೂ ಇಲ್ಲ, ದ್ರವವೂ ಇಲ್ಲ. ಬೆರಳ ತುದಿಯಷ್ಟು ಬಟ್ಟಲಿನಲ್ಲಿ ಒಣ ಎಲೆ ಅಥವಾ ಹೂವನ್ನು ತುಂಬಿ, ಅದು ಸುಡದ ಹಾಗೆ, ಅದರೊಳಗಿನ ಸುಗಂಧತೈಲ ಮಾತ್ರ ಹಾರುವ ಹಾಗೆ ಕಾಯಿಸುವುದಷ್ಟೇ ಇದರ ಕೆಲಸ. ಹೀಗಾಗಿ ಇದು ಒಂದು ಪುಟ್ಟ ಒಲೆ, ಆ ಒಲೆಗೆ ಜೋಡಿಸಿದ ಒಂದು ಗಾಳಿಯ ದಾರಿ. ಆವಿ ಬರುತ್ತಿಲ್ಲ, ಸುಟ್ಟ ವಾಸನೆ ಬರುತ್ತದೆ, ಎಳೆಯಲು ಆಗುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಒಲೆಯ ದೋಷವಲ್ಲ, ಗಾಳಿ ಸಲೀಸಾಗಿ ಹರಿಯದೆ ಹುಟ್ಟಿದವು. ಯಂತ್ರ ಕೆಟ್ಟಿತೆಂದು ಎಸೆಯುವ ಮೊದಲು ಬಟ್ಟಲಿನ ಉಕ್ಕಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ.

ಮುಂದೆ ಹೋಗುವ ಮೊದಲು ಎರಡು ಮಾತು. ಸುಡದೆ ಕಾಯಿಸಿದರೆ ಟಾರು ಮತ್ತು ಕಾರ್ಬನ್ ಮಾನಾಕ್ಸೈಡ್ ಬಹಳ ಕಡಿಮೆಯಾಗುತ್ತವೆ, ನಿಜ. ಹಾಗೆಂದು ಇದು ನಿರಪಾಯಕಾರಿ ಅಲ್ಲ. ಬಿಸಿ ಆವಿ ಶ್ವಾಸನಾಳವನ್ನು ಕೆರಳಿಸುತ್ತದೆ. ಆಸ್ತಮಾ ಇರುವವರು, ಗರ್ಭಿಣಿಯರು, ಎಳೆಯರು ಇದರಿಂದ ದೂರವಿರಬೇಕು. ಎರಡನೆಯದು ಕಾನೂನು. ಹಲವು ದೇಶಗಳು ನಿಕೋಟಿನ್ ಇರಲಿ ಇಲ್ಲದಿರಲಿ, ಕಾಯಿಸಿ ಸೇದುವ ಯಂತ್ರಗಳನ್ನೇ ತಡೆದಿವೆ. ಭಾರತದ 2019ರ ಕಾಯ್ದೆ ಇವುಗಳ ತಯಾರಿಕೆ, ಆಮದು, ಮಾರಾಟ, ಜಾಹೀರಾತನ್ನು ನಿಷೇಧಿಸುತ್ತದೆ. ನೀವಿರುವ ಜಾಗದ ನಿಯಮವೇನು, ಬಟ್ಟಲಿಗೆ ಹಾಕುವ ಮೂಲಿಕೆಗೆ ಅಲ್ಲಿ ಅನುಮತಿ ಇದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಒಳಗೆ ಏನಿದೆ

ಬಟ್ಟಲು ಸಾಮಾನ್ಯವಾಗಿ ಸೆರಾಮಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನದು. ಕೈಯಲ್ಲಿ ಹಿಡಿಯುವ ಮಾದರಿಗಳಲ್ಲಿ 0.1ರಿಂದ 0.3 ಗ್ರಾಂ ಹಿಡಿಯುತ್ತದೆ. ಬಟ್ಟಲಿನ ತಳದಲ್ಲಿ ಅಥವಾ ಮೇಲೆ, ಕೆಲವದರಲ್ಲಿ ಎರಡೂ ಕಡೆ, ಸಣ್ಣ ಉಕ್ಕಿನ ಜಾಲರಿ ಇರುತ್ತದೆ. ಅದರಾಚೆ ಆವಿ ತಣಿಯುವ ಕೊಳವೆ, ತುದಿಯಲ್ಲಿ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಮೌತ್‌ಪೀಸ್. ಜೋಡಣೆ ಸಡಿಲವಾಗದಿರಲು ಸಿಲಿಕೋನ್ ಉಂಗುರಗಳು, ಕೆಳಗೆ ಬ್ಯಾಟರಿ, ನಡುವೆ ಬಿಸಿಯನ್ನು ಹಿಡಿತದಲ್ಲಿಡುವ ಸರ್ಕ್ಯೂಟ್.

ಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ, ಕಾಯಿಸುವ ರೀತಿ ಯಾವುದು ಎಂಬುದು. ಮೊದಲ ಬಗೆಯಲ್ಲಿ ಬಟ್ಟಲಿನ ಗೋಡೆಯೇ ಕಾಯುತ್ತದೆ, ಗೋಡೆಗೆ ತಾಗಿದ ಮೂಲಿಕೆ ಬೇಯುತ್ತದೆ: ಕಾವಲಿಯ ಮೇಲೆ ಎಲೆ ಇಟ್ಟಂತೆ. ಇದು ಅಗ್ಗ, ಬೇಗ ಕಾಯುತ್ತದೆ. ಆದರೆ ನೀವು ಎಳೆಯದೆ ಸುಮ್ಮನಿದ್ದಾಗಲೂ ಒಳಗಿನದು ಬೇಯುತ್ತಲೇ ಇರುತ್ತದೆ, ಅಂಚು ಕಪ್ಪಾದರೂ ನಡು ಹಸಿರಾಗಿ ಉಳಿಯುತ್ತದೆ. ಎರಡನೆಯದರಲ್ಲಿ ಗಾಳಿ ಮೊದಲು ಕಾದು ನಂತರ ಮೂಲಿಕೆಯ ನಡುವೆ ಹಾಯುತ್ತದೆ. ಬೇಯುವಿಕೆ ಸಮನಾಗಿರುತ್ತದೆ, ರುಚಿ ಚೆನ್ನ, ಆದರೆ ಎಳೆಯುವ ವೇಗ ತಪ್ಪಿದರೆ ಏನೂ ಬಾರದು. ಎಷ್ಟೋ ಯಂತ್ರಗಳು ಎರಡನ್ನೂ ಬೆರೆಸಿರುತ್ತವೆ. ಮುಂದಿನ ಪ್ರತಿ ಹಂತವೂ ನಿಮ್ಮದು ಯಾವ ಬಗೆ ಎಂಬುದರ ಮೇಲೆ ನಿಂತಿದೆ.

ಮೂಲಿಕೆಯನ್ನು ಆರಿಸುವುದು

ಲ್ಯಾವೆಂಡರ್ ಹೂ, ಕ್ಯಾಮೊಮೈಲ್ ಹೂ, ಪೆಪ್ಪರ್‌ಮಿಂಟ್, ಲೆಮನ್ ಬಾಮ್, ನೀಲಗಿರಿ ಎಲೆ, ಥೈಮ್, ಸೇಜ್: ಸಾಮಾನ್ಯವಾಗಿ ಬಳಕೆಯಲ್ಲಿರುವವು ಇವು. ಚಹಾಕ್ಕೆಂದು, ಅಡುಗೆಗೆಂದು ಮಾರುವ ದರ್ಜೆಯದೇ ಬೇಕು. ಅಲಂಕಾರಕ್ಕೆ ಮಾರುವ ಒಣಹೂಗಳಿಗೆ ಬಣ್ಣ, ಕೀಟನಾಶಕ, ಕೃತಕ ಪರಿಮಳ ಹಾಕಿರುತ್ತಾರೆ. ಅವು ಆವಿಯ ಜೊತೆ ಎದೆಗಿಳಿಯುತ್ತವೆ. ಗಿಡ ಯಾವುದೆಂದು ಖಚಿತವಿಲ್ಲದಿದ್ದರೆ ಬೇಡ. ದತ್ತೂರ, ಕಣಗಿಲೆಯಂಥವು ಕೊಲ್ಲುವ ವಿಷ. ಸೇವಂತಿಗೆ ಕುಲದ ಹೂಗಳ ಪರಾಗ ಒಗ್ಗದವರಿಗೆ ಕ್ಯಾಮೊಮೈಲ್ ಕೂಡ ಒಗ್ಗದಿರಬಹುದು, ಅದೂ ಅದೇ ಕುಲದ್ದು. ಸೇಜ್‌ನಲ್ಲಿ ಥುಜೋನ್ ಎಂಬ ಅಂಶವಿದೆ, ಹೆಚ್ಚಾದರೆ ನರಗಳಿಗೆ ಕೆಡುಕು, ಚಿಟಿಕೆಯಲ್ಲಿ ನಿಲ್ಲಿಸಿ.

ಮೂಲಿಕೆಯ ಮೇಲೆ ಪರಿಮಳಕ್ಕೆಂದು ಎರಡು ಹನಿ ಎಣ್ಣೆ ಹಾಕುವ ಕೆಟ್ಟ ರೂಢಿಯೊಂದಿದೆ. ಅಡುಗೆ ಎಣ್ಣೆ, ಜೇನು, ಎಸೆನ್ಶಿಯಲ್ ಆಯಿಲ್ ಯಾವುದೂ ಈ ಬಟ್ಟಲಿಗೆ ಬೇಡ. ಎಣ್ಣೆಯ ಹನಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾದಂಥ ಉರಿಯೂತ ಬರಬಹುದು. ಯಂತ್ರದ ಜಾಲರಿಯಂತೂ ಅಂದೇ ಕಟ್ಟಿಕೊಳ್ಳುತ್ತದೆ.

ಒಣಗಿದ್ದು ಎಷ್ಟು ಎಂದು ಅಳೆಯಲು ಉಪಕರಣ ಬೇಡ. ಸಣ್ಣ ದಂಟನ್ನು ಬಗ್ಗಿಸಿ. ಟಕ್ಕನೆ ಮುರಿದರೆ ಸರಿ, ಬಾಗಿದರೆ ಇನ್ನೂ ತೇವವಿದೆ. ತೇವ ಉಳಿದಿದ್ದರೆ ಮೊದಲು ನೀರಿನ ಆವಿಯೇ ಹೊರಡುತ್ತದೆ. ನೀರಾವಿ ಹೊತ್ತು ತರುವ ಕಾವು ಒಣಗಾಳಿಗಿಂತ ಬಹಳ ಹೆಚ್ಚು, ಆದ್ದರಿಂದ ನಾಲಿಗೆ ಸುಟ್ಟಂತಾಗುತ್ತದೆ, ರುಚಿ ಸಿಗುವುದಿಲ್ಲ. ನೆರಳಿನಲ್ಲಿ ಹರಡಿ ಇನ್ನೊಂದು ದಿನ ಬಿಡಿ. ಮುಟ್ಟಿದರೆ ಹುಡಿಯಾಗುವಷ್ಟು ಗರಿಗರಿಯಾಗಿದ್ದರೆ ಅದು ಹಳತು: ಸುಗಂಧ ಆಗಲೇ ಹಾರಿಹೋಗಿದೆ, ಗಂಟಲು ಕೆರೆಯುತ್ತದೆ. ಗಾಜಿನ ಬಿಗಿ ಮುಚ್ಚಳದ ಜಾಡಿಯಲ್ಲಿ, ಕತ್ತಲಲ್ಲಿಡಿ. ಬೂಷ್ಟಿನ ವಾಸನೆ ಬಂದದ್ದನ್ನು ಇಡೀ ಜಾಡಿ ಸಮೇತ ಬಿಸಾಡಿ. ಕಾಯಿಸಿದರೆ ಬೂಷ್ಟು ಸಾಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು, ಅದು ಬಿಟ್ಟ ವಿಷ ಉಳಿದಿರುತ್ತದೆ.

ಹೊಸ ಯಂತ್ರವನ್ನು ಖಾಲಿಯಾಗಿ ಕಾಯಿಸಿ

ಕಾರ್ಖಾನೆಯಿಂದ ಬಂದ ಬಟ್ಟಲಿನಲ್ಲಿ ಯಂತ್ರದ ಎಣ್ಣೆಯ ಪಸೆ, ಪ್ಯಾಕಿಂಗಿನ ಧೂಳು ಇರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಬಟ್ಟಲನ್ನೂ ಮೌತ್‌ಪೀಸನ್ನೂ ಒಣ ಬಟ್ಟೆಯಿಂದ ಒರೆಸಿ. ಏನನ್ನೂ ತುಂಬದೆ ಅತಿ ಹೆಚ್ಚಿನ ಉಷ್ಣತೆಗೆ ಇಟ್ಟು, ತಾನಾಗಿ ಆರುವವರೆಗೆ ಬಿಡಿ. ತಣ್ಣಗಾದ ಮೇಲೆ ಮತ್ತೊಮ್ಮೆ. ಎರಡು ಅಥವಾ ಮೂರು ಸಲ ಸಾಕು. ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಬರುತ್ತಿದ್ದರೆ ನಾಲ್ಕನೆಯದೂ ಇರಲಿ. ಈ ಹೊತ್ತಿನಲ್ಲಿ ಬಾಯಿಟ್ಟು ಎಳೆಯಬೇಡಿ, ಕಿಟಕಿ ತೆರೆದಿರಲಿ. ಐದಾರು ಸಲ ಕಾಯಿಸಿದರೂ ವಾಸನೆ ಹೋಗದಿದ್ದರೆ ಗಾಳಿದಾರಿಯೊಳಗೆ ಕಾಯಬಾರದ ಪ್ಲಾಸ್ಟಿಕ್ ಏನೋ ಇದೆ ಎಂದರ್ಥ. ಅಂಥದನ್ನು ಹಿಂದಿರುಗಿಸುವುದೇ ಲೇಸು.

ಪುಡಿ ಮಾಡಿ ತುಂಬುವುದು

ಇಲ್ಲಿ ಆತುರಪಟ್ಟವರೇ ಹೆಚ್ಚು ಕೆಡಿಸಿಕೊಳ್ಳುವುದು. ದಂಟು, ಬೀಜ ತೆಗೆದು, ಎಲೆಯನ್ನು ಗ್ರೈಂಡರ್‌ನಲ್ಲಿ ತಿರುಗಿಸಿ. ಗೋಡೆ ಕಾಯುವ ಬಗೆಗೆ ಸ್ವಲ್ಪ ನಯವಾದ ಪುಡಿ ಬೇಕು, ಸಣ್ಣ ರವೆಯಷ್ಟು. ಗೋಡೆಗೆ ತಾಗುವ ಮೇಲ್ಮೈ ಹೆಚ್ಚಿದಷ್ಟೂ ಸಮನಾಗಿ ಬೇಯುತ್ತದೆ. ಗಾಳಿ ಕಾಯುವ ಬಗೆಗೆ ತರಿಯಾದದ್ದೇ ಚೆನ್ನ, ಒರಟು ಚಹಾಪುಡಿಯ ಹಾಗೆ; ಕಣಗಳ ನಡುವೆ ಗಾಳಿ ನುಸುಳಬೇಕು. ಹಿಟ್ಟಿನಷ್ಟು ನಯ ಎರಡಕ್ಕೂ ಆಗದು. ಹಿಟ್ಟು ಜಾಲರಿಯ ಕಣ್ಣುಗಳನ್ನು ಮುಚ್ಚುತ್ತದೆ, ಉಳಿದದ್ದು ಬಾಯಿಗೆ ಬರುತ್ತದೆ.

ತುಂಬುವಾಗ ಬಟ್ಟಲಿನ ಅಂಚಿಗಿಂತ ಒಂದು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಗೋಡೆ ಕಾಯುವ ಬಗೆಯಲ್ಲಿ ಬೆರಳಿನಿಂದ ಹಗುರಾಗಿ ಒತ್ತಬಹುದು. ಗಾಳಿ ಕಾಯುವ ಬಗೆಯಲ್ಲಿ ಒತ್ತಲೇಬಾರದು, ಬಟ್ಟಲನ್ನು ಮೇಜಿಗೆ ಎರಡು ಸಲ ತಟ್ಟಿದರೆ ಸಾಕು. ಯಂತ್ರ ಆನ್ ಮಾಡುವ ಮೊದಲು ಒಮ್ಮೆ ತಣ್ಣಗೆ ಎಳೆದು ನೋಡಿ. ಸ್ಟ್ರಾದಲ್ಲಿ ನೀರು ಎಳೆದಷ್ಟು ಸಲೀಸಾಗಿ ಬರಬೇಕು. ಕೆನ್ನೆ ಒಳಗೆ ಹೋಗುವಷ್ಟು ಬಿಗಿಯಾಗಿದ್ದರೆ ಕಡ್ಡಿಯಿಂದ ಕೆದಕಿ ಸಡಿಲಿಸಿ. ಕಾದ ಮೇಲೆ ಸಡಿಲಿಸುತ್ತೇನೆ ಎಂದರೆ ಬೆರಳು ಸುಡುವುದು ಖಂಡಿತ.

ಅರ್ಧ ಬಟ್ಟಲು ತುಂಬಿ ಉಳಿತಾಯ ಮಾಡುವ ಯೋಚನೆ ಗೋಡೆ ಕಾಯುವ ಯಂತ್ರದಲ್ಲಿ ಫಲಿಸದು. ಖಾಲಿ ಜಾಗದಲ್ಲಿ ಗಾಳಿ ಮೂಲಿಕೆಯನ್ನು ತಪ್ಪಿಸಿಕೊಂಡು ಹೋಗುತ್ತದೆ, ಆವಿ ತೆಳುವಾಗುತ್ತದೆ. ಕಡಿಮೆ ಬೇಕಿದ್ದರೆ, ಯಂತ್ರದ ಜೊತೆ ಬರುವ ಉಕ್ಕಿನ ಅಥವಾ ಗಾಜಿನ ತುಂಡನ್ನು ಬಟ್ಟಲಿನಲ್ಲಿಟ್ಟು ಜಾಗ ಕಿರಿದುಮಾಡಿ.

ಎಷ್ಟು ಬಿಸಿ

ಲ್ಯಾವೆಂಡರ್‌ನ ಮುಖ್ಯ ಪರಿಮಳವಾದ ಲಿನಲೂಲ್ ಕುದಿಯುವುದು 198 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀಲಗಿರಿಯ ಸಿನಿಯೋಲ್ ಸುಮಾರು 176ರಲ್ಲಿ, ಪೆಪ್ಪರ್‌ಮಿಂಟ್‌ನ ಮೆಂಥಾಲ್ 212ರಲ್ಲಿ, ಥೈಮ್‌ನ ಥೈಮಾಲ್ 232ರ ಆಸುಪಾಸಿನಲ್ಲಿ. ಈ ಅಂಕಿಗಳನ್ನು ನೋಡಿ ಯಂತ್ರವನ್ನು ನೇರ ಅಲ್ಲಿಗೇ ತಿರುಗಿಸುವವರಿದ್ದಾರೆ. ತಪ್ಪು. ಒದ್ದೆ ಬಟ್ಟೆ ಒಣಗಲು ನೀರು ಕುದಿಯಬೇಕಿಲ್ಲ; ಹಾಗೆಯೇ ಈ ತೈಲಗಳೂ ಕುದಿಬಿಂದುವಿಗಿಂತ ಬಹಳ ಕೆಳಗೇ ಹಾರತೊಡಗುತ್ತವೆ, ಅದರಲ್ಲೂ ಬಿಸಿಗಾಳಿ ಮೇಲಿಂದ ಹಾಯುತ್ತಿರುವಾಗ.

ಬಳಕೆಯಲ್ಲಿ ಲ್ಯಾವೆಂಡರ್, ನೀಲಗಿರಿಗೆ 130 ಡಿಗ್ರಿ, ಲೆಮನ್ ಬಾಮ್‌ಗೆ 140ರ ಆಸುಪಾಸು, ಪೆಪ್ಪರ್‌ಮಿಂಟ್‌ಗೆ 165, ಕ್ಯಾಮೊಮೈಲ್, ಥೈಮ್, ಸೇಜ್‌ಗೆ 190 ಸಾಕಾಗುತ್ತದೆ. ಹೊಸ ಮೂಲಿಕೆಯಾದರೆ ಇದಕ್ಕಿಂತ 10 ಡಿಗ್ರಿ ಕೆಳಗೆ ಶುರುಮಾಡಿ, ಎರಡು ಮೂರು ಎಳೆತಕ್ಕೊಮ್ಮೆ 5 ಡಿಗ್ರಿ ಏರಿಸಿ. 200 ದಾಟಿದ ಮೇಲೆ ಪರಿಮಳ ಕಡಿಮೆ, ಹುರಿದ ವಾಸನೆ ಹೆಚ್ಚು. 230ರ ಹತ್ತಿರ ಎಲೆ ಕರಕಲಾಗಲು ಹೊರಡುತ್ತದೆ. ಅಲ್ಲಿಂದ ಮುಂದೆ ನೀವು ಸೇದುವುದು ಹೊಗೆಯನ್ನೇ, ದುಬಾರಿ ಯಂತ್ರದ ಮೂಲಕ.

ಪರದೆಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಸಂವೇದಕ ಕೂತಿರುವುದು ಹೀಟರಿನ ಪಕ್ಕ, ಮೂಲಿಕೆಯ ನಡುವೆ ಅಲ್ಲ. ದೀಪ ಹಸಿರಾದ ಕೂಡಲೇ ಎಳೆದರೆ ನಡುಭಾಗ ಇನ್ನೂ ತಣ್ಣಗಿರುತ್ತದೆ. ಇನ್ನೂ 20ರಿಂದ 30 ಸೆಕೆಂಡು ಕಾಯಿರಿ.

ಸೇದುವ ಕ್ರಮ

ಸಿಗರೇಟಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಗಟ್ಟಿಯಾಗಿ, ಚುಟುಕಾಗಿ ಎಳೆದರೆ ತಣ್ಣನೆ ಗಾಳಿ ನುಗ್ಗಿ ಬಟ್ಟಲು ತಣಿಯುತ್ತದೆ, ಹೀಟರಿಗೆ ಅದನ್ನು ಸರಿದೂಗಿಸಲು ಆಗುವುದಿಲ್ಲ. 8ರಿಂದ 10 ಸೆಕೆಂಡು, ಬಿಸಿ ಚಹಾ ಹೀರಿದಷ್ಟು ನಿಧಾನವಾಗಿ ಎಳೆಯಿರಿ. ಮೊದಲ ಎಳೆತದಲ್ಲಿ ರುಚಿ ಇರುತ್ತದೆ, ಕಣ್ಣಿಗೆ ಆವಿ ಕಾಣದು. ಎರಡನೆಯದರಿಂದ ತೆಳು ಬಿಳುಪು. ದಟ್ಟ ಮೋಡ ಬರಲೇಬೇಕೆಂಬ ಹಟ ಬೇಡ, ದ್ರವದ ಇ-ಸಿಗರೇಟಿನ ದಟ್ಟ ಮೋಡಕ್ಕೆ ಕಾರಣ ಅದರಲ್ಲಿನ ಗ್ಲಿಸರಿನ್, ಅದು ಇಲ್ಲಿಲ್ಲ. ಉಸಿರು ಹಿಡಿದಿಟ್ಟರೆ ಹೆಚ್ಚೇನೂ ಸಿಗದು, ಗಂಟಲು ಉರಿಯುತ್ತದೆ ಅಷ್ಟೆ. ಎರಡು ಎಳೆತದ ನಡುವೆ 15ರಿಂದ 20 ಸೆಕೆಂಡು ಬಿಡಿ.

ನಾಲ್ಕೈದು ಎಳೆತದ ಬಳಿಕ, ಗೋಡೆ ಕಾಯುವ ಯಂತ್ರವಾದರೆ ಮುಚ್ಚಳ ತೆಗೆದು ಲೋಹದ ಕಡ್ಡಿಯಿಂದ ಒಮ್ಮೆ ಕಲಸಿ: ಅಂಚಿನದು ನಡುವಿಗೆ, ನಡುವಿನದು ಅಂಚಿಗೆ. ಬಟ್ಟಲಿನ ಗೋಡೆಯನ್ನು ಗೀರಬೇಡಿ. ಈ ಒಂದು ಕೆಲಸದಿಂದ ಅದೇ ಬಟ್ಟಲಿನಲ್ಲಿ ಇನ್ನೂ ಮೂರ್ನಾಲ್ಕು ಒಳ್ಳೆಯ ಎಳೆತ ಸಿಗುತ್ತದೆ. ರುಚಿ ಸಪ್ಪೆಯಾಗಿ, ಹುರಿದ ಕಡಲೆಯ ವಾಸನೆ ಬಂದಾಗ ಮುಗಿಯಿತೆಂದು ತಿಳಿಯಿರಿ. ಹೊರಗೆ ಸುರಿದ ಪುಡಿ ಹುರಿದ ಕಾಫಿಯ ಕಂದು ಬಣ್ಣದಲ್ಲಿದ್ದರೆ ಬಿಸಿ ಸರಿಯಾಗಿತ್ತು. ಹಸಿರು ಉಳಿದಿದ್ದರೆ ಬಿಸಿ ಸಾಲದು, ಇಲ್ಲವೇ ಪುಡಿ ಒರಟು. ಕರಿ ಬೂದಿ ಕಂಡರೆ 15 ಡಿಗ್ರಿ ಇಳಿಸಿ. ಸುರಿದದ್ದನ್ನು ನೇರ ಕಸದ ಬುಟ್ಟಿಗೆ ಹಾಕಬೇಡಿ, ಲೋಹದ ತಟ್ಟೆಯಲ್ಲಿ ತಣಿಯಲಿ.

ಶುಚಿ ಮಾಡುವುದು

ಆವಿ ತಣಿದಾಗ ಜೇನಿನ ಬಣ್ಣದ ಅಂಟು ಕೊಳವೆಯ ಒಳಗೋಡೆಗೆ ಹತ್ತುತ್ತದೆ. ಅದಕ್ಕೆ ಪುಡಿಯ ಧೂಳು ಕೂಡಿ ಗಟ್ಟಿಯಾದರೆ ಟಾರಿನಂತಾಗುತ್ತದೆ. ಒಮ್ಮೆ ಗಟ್ಟಿಯಾದ ಅಂಟನ್ನು ಕೀಳಲು ಅರ್ಧ ಗಂಟೆ ಬೇಕು, ಬೆಚ್ಚಗಿರುವಾಗಲೇ ಒರೆಸಿದರೆ ಅರ್ಧ ನಿಮಿಷ.

ಪ್ರತಿ ಸಲ ಮುಗಿದ ಮೇಲೆ, ಬಟ್ಟಲು ಕೈಗೆ ಬೆಚ್ಚಗೆ ತಾಗುವಷ್ಟಾದಾಗ ತಲೆಕೆಳಗಾಗಿ ತಿರುಗಿಸಿ ತಟ್ಟಿ, ಗಟ್ಟಿ ಕೂದಲಿನ ಸಣ್ಣ ಬ್ರಷ್‌ನಿಂದ ಗೋಡೆ, ಜಾಲರಿ ಎರಡನ್ನೂ ಉಜ್ಜಿ. ಇದಕ್ಕೆ ನೀರು ಬೇಡ, ಆಲ್ಕೊಹಾಲ್ ಬೇಡ.

ಹತ್ತು ಹದಿನೈದು ಬಟ್ಟಲಿಗೊಮ್ಮೆ ಪೂರ್ತಿ ಬಿಚ್ಚಿ ತೊಳೆಯಬೇಕು. ಬೇಕಾದದ್ದು 90 ಶೇಕಡಾಕ್ಕಿಂತ ಹೆಚ್ಚಿನ ಐಸೋಪ್ರೊಪೈಲ್ ಆಲ್ಕೊಹಾಲ್, ಇಯರ್‌ಬಡ್‌ಗಳು, ಪೈಪ್ ಒರೆಸುವ ಹತ್ತಿಯ ತಂತಿ, ಒಂದು ಗಾಜಿನ ಲೋಟ. ಕೈಗೆ ಹಚ್ಚುವ 70 ಶೇಕಡಾದ ದ್ರವದಲ್ಲಿ ಉಳಿದದ್ದು ಬಹುಪಾಲು ನೀರು. ಅಂಟು ಸರಿಯಾಗಿ ಕರಗದು, ಒಣಗಲೂ ಹೊತ್ತು ಹಿಡಿಯುತ್ತದೆ.

1. ಯಂತ್ರ ಆಫ್ ಮಾಡಿ, ಪೂರ್ತಿ ತಣ್ಣಗಾಗಲಿ. ತೆಗೆಯಬಲ್ಲ ಬ್ಯಾಟರಿಯಾದರೆ ತೆಗೆದಿಡಿ.
2. ಮೌತ್‌ಪೀಸ್, ಕೊಳವೆ, ಜಾಲರಿ, ಉಂಗುರಗಳನ್ನು ಬಿಚ್ಚಿ. ಉಂಗುರ ಯಾವುದು ಎಲ್ಲಿತ್ತು ಎಂದು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಮರುಜೋಡಣೆಯಲ್ಲಿ ಪರದಾಟ ತಪ್ಪುತ್ತದೆ.
3. ಉಕ್ಕಿನ ಜಾಲರಿ, ಗಾಜಿನ ಮತ್ತು ಲೋಹದ ಭಾಗಗಳನ್ನು ಲೋಟದಲ್ಲಿ ಆಲ್ಕೊಹಾಲ್‌ನಲ್ಲಿ ಮುಳುಗಿಸಿ 30 ನಿಮಿಷ ಬಿಡಿ. ಗಾಜಿನ ಕೊಳವೆಯಲ್ಲಿ ಹಳೆಯ ಕಲೆ ಇದ್ದರೆ, ಮುಚ್ಚಳವಿರುವ ಜಾಡಿಯಲ್ಲಿ ಒಂದು ಚಮಚ ಕಲ್ಲುಪ್ಪು ಸೇರಿಸಿ ಕುಲುಕಿ. ಉಪ್ಪು ಆಲ್ಕೊಹಾಲ್‌ನಲ್ಲಿ ಕರಗುವುದಿಲ್ಲವಾದ್ದರಿಂದ ಉಜ್ಜುವ ಮರಳಿನ ಕೆಲಸ ಮಾಡುತ್ತದೆ.
4. ಪ್ಲಾಸ್ಟಿಕ್, ಅಕ್ರಿಲಿಕ್, ಮರದ ಭಾಗಗಳನ್ನು ಆಲ್ಕೊಹಾಲ್‌ಗೆ ಹಾಕಲೇಬೇಡಿ. ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ, ಮರದ ಪಾಲಿಶ್ ಏಳುತ್ತದೆ. ಇವಕ್ಕೂ ಸಿಲಿಕೋನ್ ಉಂಗುರಗಳಿಗೂ ಪಾತ್ರೆ ತೊಳೆಯುವ ಸೋಪು ಬೆರೆಸಿದ ಬೆಚ್ಚನೆ ನೀರು ಸಾಕು. ಮರವನ್ನು ನೆನೆಸದೆ ಒರೆಸಿ.
5. ಬಟ್ಟಲನ್ನು ಇಯರ್‌ಬಡ್‌ನಿಂದ ಒರೆಸಿ. ಬಡ್ಡನ್ನು ಅದ್ದಿದ ಮೇಲೆ ಹಿಂಡಿ. ತೊಟ್ಟಿಕ್ಕುವಷ್ಟು ಒದ್ದೆಯಾದರೆ ದ್ರವ ಬಟ್ಟಲಿನ ಕೆಳಗಿನ ಸರ್ಕ್ಯೂಟಿಗೆ ಇಳಿಯುತ್ತದೆ. ಯಂತ್ರವನ್ನು ತಲೆಕೆಳಗಾಗಿ ಹಿಡಿದು ಒರೆಸುವುದು ಸುರಕ್ಷಿತ.
6. ನೆನೆಸಿದ ಭಾಗಗಳನ್ನು ಬಿಸಿನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಕನಿಷ್ಠ ಒಂದು ಗಂಟೆ ಗಾಳಿಗಿಡಿ. ಆಮೇಲೆ ಜೋಡಿಸಿ, ಖಾಲಿಯಾಗಿ ಒಮ್ಮೆ ಕಾಯಿಸಿ.

ಒಣಗುವ ಮೊದಲು ಆನ್ ಮಾಡುವುದು ಅಪಾಯ. ಐಸೋಪ್ರೊಪೈಲ್‌ನ ಆವಿ ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಡುಗೆ ಒಲೆ, ದೀಪದ ಹತ್ತಿರ ಈ ಕೆಲಸ ಬೇಡ, ಕಿಟಕಿ ತೆರೆದಿರಲಿ.

ಬ್ಯಾಟರಿ

ತೆಗೆಯಬಲ್ಲ ಸೆಲ್ ಇರುವ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು 18650. ಹೆಸರಲ್ಲೇ ಅಳತೆ ಇದೆ: 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದ. ಪೂರ್ತಿ ತುಂಬಿದಾಗ 4.2 ವೋಲ್ಟ್. ಇದರ ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಸೆಲ್ ಬಳಸಬೇಡಿ, ಏಕೆಂದರೆ ಒಳಗಿನ ಲೋಹದ ಡಬ್ಬಿಯೆಲ್ಲ ಋಣ ತುದಿ. ಅದೂ ಧನ ತುದಿಯೂ ಒಂದೇ ಲೋಹಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಬಿಡಿ ಸೆಲ್ಲನ್ನು ಕೀ, ನಾಣ್ಯದ ಜೊತೆ ಜೇಬಿನಲ್ಲಿ ಹಾಕುವುದಂತೂ ಬೆಂಕಿಗೆ ಆಹ್ವಾನ. ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಯಂತ್ರದ ಜೊತೆ ಬಂದ ಕೇಬಲ್, ಅದರಲ್ಲಿ ನಮೂದಾದ ಆಂಪಿಯರ್‌ನ ಚಾರ್ಜರ್ ಬಳಸಿ. ಸೇದಿ ಮುಗಿಸಿದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ತಣಿಯಲಿ. ಲಿಥಿಯಂ-ಅಯಾನ್ ಸೆಲ್ಲನ್ನು 0 ಡಿಗ್ರಿಗಿಂತ ಕೆಳಗೆ, 45ಕ್ಕಿಂತ ಮೇಲೆ ಚಾರ್ಜ್ ಮಾಡಬಾರದು. ತಿಂಗಳುಗಟ್ಟಲೆ ಬಳಸದಿದ್ದರೆ ಪೂರ್ತಿ ಖಾಲಿಯೂ ಅಲ್ಲ, ಪೂರ್ತಿ ತುಂಬಿಯೂ ಅಲ್ಲ, ಅರ್ಧದಷ್ಟು ಚಾರ್ಜ್ ಇಟ್ಟು ತಂಪು ಜಾಗದಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರು ಅತಿ ಕೆಟ್ಟ ಜಾಗ. ವಿಮಾನದಲ್ಲಿ ಇದು ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಸಾಮಾನಿನಲ್ಲಿ ಅಲ್ಲ. ಸೆಲ್ ಉಬ್ಬಿದ್ದರೆ, ಸಿಹಿ ವಾಸನೆ ಬಂದರೆ, ಸುಮ್ಮನಿದ್ದರೂ ಬಿಸಿಯಾಗಿದ್ದರೆ ಚುಚ್ಚಿ ನೋಡಬೇಡಿ. ಹೊತ್ತಿಕೊಳ್ಳದ ನೆಲದ ಮೇಲೆ ಹೊರಗಿಟ್ಟು, ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಕೈಕೊಟ್ಟಾಗ

ಎಳೆದರೂ ಗಾಳಿಯೇ ಬರುತ್ತಿಲ್ಲ: ಬಟ್ಟಲು ಖಾಲಿ ಮಾಡಿ ಎಳೆಯಿರಿ. ಈಗ ಸಲೀಸಾದರೆ ತುಂಬಿದ್ದು ಬಿಗಿಯಾಗಿತ್ತು. ಇಲ್ಲದಿದ್ದರೆ ಮೌತ್‌ಪೀಸ್ ಕಳಚಿ ಎಳೆಯಿರಿ, ಆಮೇಲೆ ಜಾಲರಿ ತೆಗೆದು ನೋಡಿ. ಯಾವ ಭಾಗ ತೆಗೆದಾಗ ಗಾಳಿ ಬಂತೋ ಅದೇ ಕಟ್ಟಿಕೊಂಡದ್ದು.

ಗಾಳಿ ಧಾರಾಳ, ಆವಿ ಮಾತ್ರ ಇಲ್ಲ: ಸಡಿಲ ಉಂಗುರದಿಂದ ತಣ್ಣನೆ ಗಾಳಿ ಬಟ್ಟಲನ್ನು ತಪ್ಪಿಸಿ ನುಗ್ಗುತ್ತಿರಬಹುದು. ಗಾಳಿ ಒಳಬರುವ ತೂತನ್ನು ಬೆರಳಿನಿಂದ ಮುಚ್ಚಿ ಎಳೆಯಿರಿ. ಆಗಲೂ ಗಾಳಿ ಬಂದರೆ ಸೋರಿಕೆ ಇದೆ, ಉಂಗುರ ಬದಲಿಸಿ. ಉಂಗುರ ಸರಿಯಿದ್ದರೆ ಮೂಲಿಕೆ ಹಳತಾಗಿದೆ.

ಕಡಿಮೆ ಬಿಸಿಯಲ್ಲೂ ಸುಟ್ಟ ವಾಸನೆ: ಮೂಲಿಕೆಯದಲ್ಲ, ಗೋಡೆಗೆ ಹತ್ತಿದ ಹಳೆಯ ಅಂಟು ಬೇಯುತ್ತಿದೆ. ತೊಳೆಯಿರಿ.

ಬಾಯಿಗೆ ಪುಡಿ ಬರುತ್ತದೆ: ಜಾಲರಿ ಸೊಟ್ಟಗಾಗಿದೆ ಅಥವಾ ತಲೆಕೆಳಗಾಗಿ ಕೂತಿದೆ. ಜಾಲರಿ ಅಗ್ಗದ ವಸ್ತು, ಕಣ್ಣುಗಳು ಬೆಳಕಿಗೆ ಹಿಡಿದರೂ ಕಾಣದಷ್ಟು ಮುಚ್ಚಿದ ದಿನ ಉಜ್ಜುತ್ತ ಕೂರದೆ ಹೊಸದು ಹಾಕಿ.

ಕಾಯುವ ನಡುವೆಯೇ ಆರಿಹೋಗುತ್ತದೆ: ಮೂರರಿಂದ ಐದು ನಿಮಿಷಕ್ಕೆ ತಾನಾಗಿ ಆರುವುದು ಹಲವು ಯಂತ್ರಗಳ ಸುರಕ್ಷತಾ ಕ್ರಮ, ದೋಷವಲ್ಲ. ಅದಕ್ಕೂ ಮೊದಲು ದೀಪ ಮಿನುಗಿ ಆರಿದರೆ ಬ್ಯಾಟರಿ ಬಲಗುಂದಿದೆ. ಹೀಟರಿಗೆ ಒಮ್ಮೆಲೇ ಹೆಚ್ಚು ಕರೆಂಟು ಬೇಕಾದಾಗ ಹಳೆಯ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ, ಸರ್ಕ್ಯೂಟ್ ತನ್ನನ್ನು ತಾನು ಆರಿಸಿಕೊಳ್ಳುತ್ತದೆ. ಮೊದಲು ಸೆಲ್‌ನ ಎರಡೂ ತುದಿಗಳನ್ನೂ ಯಂತ್ರದ ಸ್ಪರ್ಶಬಿಂದುಗಳನ್ನೂ ಆಲ್ಕೊಹಾಲ್ ತಾಗಿಸಿದ ಬಡ್‌ನಿಂದ ಒರೆಸಿ, ಒಣಗಿಸಿ ನೋಡಿ. ಅದರಿಂದಲೂ ಸರಿಹೋಗದಿದ್ದರೆ ಸೆಲ್ ಬದಲಿಸಿ. ಸೆಲ್ ಒಳಗೇ ಬೆಸೆದಿರುವ ಮಾದರಿಯಾದರೆ ಬಿಚ್ಚಲು ಕೈಹಾಕದೆ ತಯಾರಕರ ಸೇವಾ ಕೇಂದ್ರಕ್ಕೆ ಕೊಡಿ.